ಪಹಣಿ ಇಲ್ಲದ ಬಂದೂಕು

ಕಲಬುರಗಿಯಲ್ಲಿ ತೊಗರಿಯನ್ನು ಬೆಂಬಲ ಬೆಲೆಗೆ ಕೊಡಬೇಕೆಂದರೆ ಪಹಣಿ ಬೇಕು, ಆಧಾರ್ ಬೇಕು, ಪಾಸ್‌ಬುಕ್ ಬೇಕು, ಇಷ್ಟೆಲ್ಲ ಇದ್ದರೂ ತೇವಾಂಶ ಶೇ 12 ದಾಟಿದರೆ ಚೀಲ ವಾಪಸ್. 2019ರಲ್ಲಿ ಜಿಐ ಟ್ಯಾಗ್ ಪಡೆದ ಬೇಳೆಗೇ ಈ ಪಾಡು.

ಅದೇ ರೈತನ ಮಗ ಸೂಪರ್ ಮಾರ್ಕೆಟ್ ಕಡೆ ಚಹಾ ಕುಡಿಯುತ್ತಾ ಬಿಜಿಎಂಐ ಎಂಬ ಮೊಬೈಲ್ ಆಟದ ಐಡಿಯೊಂದನ್ನು, ಅಂದರೆ ತನ್ನ ಖಾತೆಯನ್ನು, ಸಾವಿರಗಟ್ಟಲೆಗೆ ಮಾರಿ ಏಳುತ್ತಾನೆ. ಕಾಗದ ಇಲ್ಲ, ತೂಕ ಇಲ್ಲ, ಹಮಾಲಿ ಅಂತೂ ಇಲ್ಲವೇ ಇಲ್ಲ. ಆಟದೊಳಗೆ ತೊಡುವ ಎಕ್ಸ್-ಸೂಟ್ ಎಂಬ ಕೋಟು ಇದೆಯಾ, ಗ್ಲೇಸಿಯರ್ ಎಂ416 ಎಂಬ ಬಂದೂಕು ಇದೆಯಾ, ಅಷ್ಟೇ ಪ್ರಶ್ನೆ. ಆಟದೊಳಗಿನ ಎರಾಂಗೆಲ್ ದ್ವೀಪದಲ್ಲಿ ಗುಂಡು ಹಾರಿಸುವ, ಮಂಜುಗಡ್ಡೆ ಬಣ್ಣದ ಆ ಬಂದೂಕು ನಮ್ಮ ಮೇ ತಿಂಗಳ ಬಿಸಿಲಲ್ಲೂ ಕರಗಲ್ಲ. ತೇವಾಂಶ ಸೊನ್ನೆ!

ತಮಾಷೆ ಏನೆಂದರೆ ಬಂದೂಕು ಅವನದ್ದೇ ಅಲ್ಲ. ಐಟಂ ಎಲ್ಲ ಕಂಪನಿಯದ್ದು, ನಿಮಗೆ ಆಡಲು ಮಾತ್ರ ಕೊಟ್ಟಿದ್ದು, ಐಡಿ ಮಾರಿದರೆ ಬ್ಯಾನ್ ಅನ್ನುವುದು ಆಟದ ಷರತ್ತು. ಓದದೆ ‘ಒಪ್ಪಿದೆ’ ಒತ್ತಿದವನು ಇವನೇ. ಲಾವಣಿಗೆ ಹಿಡಿದ ಹೊಲವನ್ನು ಗೌಡರಿಗೆ ಹೇಳದೆ ಮಾರಿದ ಹಾಗಾಯಿತು ಅಲ್ವಾ? ಮಾರಿದ ಮೇಲೂ ಪೂರ್ತಿ ಮಾರಿರುವುದಿಲ್ಲ. ಐಡಿಗೆ ಜೋಡಿಸಿದ ಹಳೆಯ ಜಿಮೇಲ್ ಅವನ ಕೈಯಲ್ಲೇ ಇದ್ದರೆ, ದುಡ್ಡು ಬಂದ ಮೇಲೆ ‘ಪಾಸ್‌ವರ್ಡ್ ಮರೆತೆ’ ಅಂತ ಒತ್ತಿ ಐಡಿ ವಾಪಸ್ ಎಳೆದುಕೊಂಡು ಇನ್ನೊಬ್ಬ ಗಿರಾಕಿಗೆ ತೋರಿಸುತ್ತಾನೆ. ಅದಕ್ಕೇ ಮಧ್ಯೆ ಒಬ್ಬ ದಲ್ಲಾಳಿ ಇರುತ್ತಾನೆ. ಕೆಲವೊಮ್ಮೆ ದುಡ್ಡು, ಐಡಿ ಎರಡನ್ನೂ ತಗೊಂಡು ಓಡುವವನು ಇವನೇ.

ನಮ್ಮ ಹುಡುಗರನ್ನಷ್ಟೇ ನೋಡಿ ನಗಬೇಡಿ. 2010ರಲ್ಲಿ ಎಂಟ್ರೋಪಿಯಾ ಯೂನಿವರ್ಸ್ ಎಂಬ ಆಟದೊಳಗಿನ ಒಂದು ಕ್ಷುದ್ರಗ್ರಹ ಒಟ್ಟು 6,35,000 ಡಾಲರ್‌ಗೆ ಹೋಯಿತು. ಎನ್‌ಎ ಆಗಿದೆಯಾ, ರಿಂಗ್ ರೋಡಿಗೆ ಎಷ್ಟು ದೂರ ಅಂತ ಯಾರೂ ಕೇಳಲಿಲ್ಲ. ಡಯಾಬ್ಲೊ 3 ಎಂಬ ಆಟ ಮಾಡಿದ ಕಂಪನಿಯಂತೂ 2012ರಲ್ಲಿ ತಾನೇ ನಿಜ ದುಡ್ಡಿನ ಹರಾಜುಕಟ್ಟೆ ತೆರೆದು ಕಮಿಷನ್ ಮುರಿದುಕೊಳ್ಳುತ್ತಿತ್ತು. ರಾಕ್ಷಸರನ್ನು ಕೊಂದು ಕತ್ತಿ ಗೆಲ್ಲಬೇಕಾದವರು ಕತ್ತಿಯನ್ನೇ ಕೊಳ್ಳತೊಡಗಿದರೆ ರಾಕ್ಷಸರಿಗೆ ಏನು ಕೆಲಸ? 2014ರ ಮಾರ್ಚ್‌ನಲ್ಲಿ ಕಟ್ಟೆ ಮುಚ್ಚಿತು.

2020ರ ಸೆಪ್ಟೆಂಬರ್ 2ರಂದು ಸರ್ಕಾರ ಬಿಜಿಎಂಐನ ಹಿಂದಿನ ಅವತಾರವಾದ ಪಬ್‌ಜಿ ಮೊಬೈಲ್ ನಿಷೇಧಿಸಿದಾಗಲೂ ಬೆಳೆ ಹಾನಿ ಸಮೀಕ್ಷೆಗೆ ಯಾರೂ ಬರಲಿಲ್ಲ ನೋಡಿ.

ಈಗ ಮೋಸ ಹೋದ ಹುಡುಗ ಠಾಣೆಗೆ ಹೋದ ಅಂತ ಇಟ್ಟುಕೊಳ್ಳಿ.

“ಏನು ಕಳೀತು?”

“ಕೋಟು, ಸರ್. ಒಂದು ಬಂದೂಕೂ ಇತ್ತು.”

“ಬಂದೂಕಾ! ಲೈಸೆನ್ಸ್ ಎಲ್ಲಿ?”

“ಅದು ಕಂಪನಿ ಹತ್ರ ಅದ ಸರ್.”

“ಎಲ್ಲಿ ಇಟ್ಟಿದ್ದಿ?”

“ಎರಾಂಗೆಲ್‌ನಾಗ.”

ಸಾಹೇಬರು ಪೆನ್ನು ಕೆಳಗಿಟ್ಟು ಸ್ವಲ್ಪ ಯೋಚಿಸುತ್ತಾರೆ. “ಅದು ಆಳಂದ ಕಡಿ ಬರ್ತದ ತಮ್ಮಾ. ಅಲ್ಲೇ ಹೋಗಿ ಕೊಡು.”