ಹೋಗಿ ಹೋಗಿ ‘ಗೋ’ ಸಹವಾಸ

ನಾನು ಇಂಗ್ಲಿಷಿನಲ್ಲಿ ಏನು ಬರೆದರೂ ಬೆನ್ನ ಹಿಂದೆ ನಿಂತು ಓದುವ ಒಂದು ಆ್ಯಪ್ ನನ್ನ ಕಂಪ್ಯೂಟರಿನಲ್ಲಿದೆ. ನಾನು ಕರೆದು ಕೂರಿಸಿಕೊಂಡದ್ದಲ್ಲ, ಇನ್ಯಾವುದರದೋ ಜೊತೆ ಪುಕ್ಕಟೆ ಬಂದದ್ದು. ಮೊನ್ನೆ ಒಂದು ಮೇಲ್‌ನಲ್ಲಿ ‘ಗೋ ಅಂಡ್ ಚೆಕ್’ ಎಂದು ಬರೆದೆ. ಕೆಳಗೆ ನೀಲಿ ಗೆರೆ ಬಂತು. ‘ಅಂಡ್’ ದಂಡವಂತೆ, ಚಿಕ್ಕದಾಗಿ ‘ಗೋ ಚೆಕ್’ ಎಂದರೆ ಸಾಕಂತೆ. ಆಯ್ತು ಮಾರಾಯ ಎಂದು ತೆಗೆದೆ. ಸ್ವಲ್ಪ ಕೆಳಗೆ ‘ವೆಂಟ್ ಅಂಡ್ ಚೆಕ್ಡ್’ ಎಂದಿತ್ತು. ಅದಕ್ಕೆ ಗೆರೆಯೇ ಇಲ್ಲ. ನೋಡೋಣ ಅಂತ ಅಲ್ಲಿಯ ‘ಅಂಡ್’ ಕೂಡ ಕಿತ್ತೆ. ತಕ್ಷಣ ಕೆಂಪು ಗೆರೆ! ಮೇಲೆ ಬೇಡವಾದದ್ದು ಇಲ್ಲಿ ಬೇಕೇ ಬೇಕು. ಯಾಕೆ ಎಂದು ಕೇಳೋಣವೆಂದರೆ ಅದಕ್ಕೆ ಬಟನ್ ಕೊಟ್ಟಿಲ್ಲ.

ತಿದ್ದುವವರಿಗೆ ಕಾರಣ ಕೇಳಿದರೆ ಆಗುವುದಿಲ್ಲ. ಅದು ಯಂತ್ರಕ್ಕೂ ಅಂಟಿದೆ.

ವಿಷಯ ನಿಜಕ್ಕೂ ವಿಚಿತ್ರ. ‘ಐ ಗೋ ಸೀ ಹಿಮ್’ ಎನ್ನಬಹುದು. ‘ದೇ ಗೋ ಸೀ’, ‘ವಿಲ್ ಗೋ ಸೀ’ ಎಲ್ಲವೂ ನಡೆಯುತ್ತದೆ. ಪಾಪ, ‘ಹೀ’ಗೆ ಮಾತ್ರ ದಾರಿ ಬಂದ್. ‘ಹೀ ಗೋಸ್ ಸೀ’ ಆಗಲ್ಲ. ‘ಗೋಸ್ ಸೀಸ್’ ಎಂದರೆ ಯಾರೋ ಸೀನಿದ ಹಾಗೆ ಕೇಳುತ್ತದೆ. ‘ವೆಂಟ್ ಸೀ’ಯೂ ಇಲ್ಲ, ‘ವೆಂಟ್ ಸಾ’ ಕೂಡ ಇಲ್ಲ. ಆದರೆ ‘ಡಸ್ ಹೀ ಗೋ ಸೀ ಹಿಮ್?’ ಎಂದರೆ ಸರಿ! ಅಂದರೆ ಅವನು ಹೋಗಿ ನೋಡುತ್ತಾನಾ ಎಂದು ಕೇಳಬಹುದು. ಹೌದು, ನೋಡುತ್ತಾನೆ ಎಂದು ಉತ್ತರ ಹೇಳಬೇಕಾದರೆ ‘ಅಂಡ್’ ಕರೆತರಬೇಕು. ಎರಡೂ ಕ್ರಿಯಾಪದಗಳು ‘ಗೋಸ್’, ‘ವೆಂಟ್’ ಹಾಗೆ ರೂಪ ಬದಲಿಸದೆ, ಬಾಲವಿಲ್ಲದೆ ಬೋಳಾಗಿರಬೇಕು, ಇಷ್ಟೇ ನಿಯಮ. ‘ಡಸ್’ ಬಂದಾಗ ಬಾಲವನ್ನು ಅದೇ ಹೊತ್ತುಕೊಳ್ಳುತ್ತದೆ, ‘ಗೋ’ ಬೋಳಾಗಿಯೇ ಉಳಿಯುತ್ತದೆ. ನಿಯಮ ಇಷ್ಟು ಸಲೀಸು. ಯಾಕೆ ಹೀಗೆ ಎಂಬುದು ಸಲೀಸಲ್ಲ. ಜೆಫ್ರಿ ಪುಲ್ಲಮ್ ಎಂಬ ಭಾಷಾಶಾಸ್ತ್ರಜ್ಞರು 1990ರಲ್ಲಿ ಇದರ ಮೇಲೆ ಒಂದು ಲೇಖನವನ್ನೇ ಬರೆದರು. ಅವರಿಗಿಂತ ಮೊದಲೂ ಬರೆದವರಿದ್ದಾರೆ, ಆಮೇಲೂ ನಿಂತಿಲ್ಲ. ಸಿಸಿಲಿ ದ್ವೀಪದ ಮಾರ್ಸಾಲಾ ಊರಿನ ನುಡಿಯಲ್ಲೂ ‘ಹೋಗು’ ಇನ್ನೊಂದು ಕ್ರಿಯಾಪದದ ಕೈ ಹಿಡಿದು ನಡೆಯುತ್ತದಂತೆ. ಅಲ್ಲಿ ನಾನು, ನೀನು, ಅವನು, ಅವರು ಹೋಗಿ ತರಬಹುದು. ನಾವು, ನೀವು ಮಾತ್ರ ಹಾಗೆ ಹೋಗುವಂತಿಲ್ಲ. ಇಲ್ಲಿ ‘ಹೀ’ಗೆ ತಡೆ, ಅಲ್ಲಿ ನಮಗೆ ತಡೆ.

ಈ ‘ಅಂಡ್’ ಎಂದಾಗಲೆಲ್ಲ ನನಗೆ ಹಳೆಯ ಆಫೀಸಿನ ಹಿರಿಯರೊಬ್ಬರು ನೆನಪಾಗುತ್ತಾರೆ. ಜೇಬಿನಲ್ಲಿ ಕೆಂಪು ಪೆನ್ನು ಇಟ್ಟುಕೊಂಡು ತಿರುಗುವ ಪೈಕಿ. ನೋಟೀಸ್ ಬೋರ್ಡು, ಲಿಫ್ಟಿನ ಸೂಚನೆ, ಕೆಟ್ಟ ಪ್ರಿಂಟರಿಗೆ ಯಾರೋ ಅಂಟಿಸಿದ ಚೀಟಿ, ಯಾವುದನ್ನೂ ಅವರು ಬಿಟ್ಟವರಲ್ಲ. ಒಮ್ಮೆ ನಮ್ಮ ಸಹೋದ್ಯೋಗಿಯೊಬ್ಬಳು ಕೆಲಸ ಬಿಟ್ಟಳು. ಎಲ್ಲರೂ ಸೇರಿ ಒಂದು ದೊಡ್ಡ ಕಾರ್ಡು ತಂದೆವು. ಹೊಸದಾಗಿ ಸೇರಿದ್ದ ಹುಡುಗ ಅದರ ನಟ್ಟನಡುವೆ ದಪ್ಪ ಅಕ್ಷರದಲ್ಲಿ ‘ಗೋ ಕಾಂಕರ್ ದ ವರ್ಲ್ಡ್!’ ಎಂದು ಬರೆದ. ಕಾರ್ಡು ಸಹಿಗಾಗಿ ಹಿರಿಯರ ಮೇಜಿಗೆ ಹೋಯಿತು. ಹೋಗಬಾರದಿತ್ತು. ವಾಪಸ್ ಬಂದಾಗ ‘ಗೋ’ಗೂ ‘ಕಾಂಕರ್’ಗೂ ನಡುವೆ ಒಂದು ಕೆಂಪು ಬಾಣ, ಬಾಣದ ನೆತ್ತಿಯ ಮೇಲೆ ‘ಅಂಡ್’. ಹುಡುಗನ ಮುಖ ಇಷ್ಟಾಯಿತು. ಪಕ್ಕದವರು ಬಿಳಿ ಶಾಯಿ ಹಚ್ಚಿ ಮುಚ್ಚಿದರು. ಹಿರಿಯರು ಆ ಕಡೆ ಹಾದು ಹೋಗುವಾಗ ಬಿಳಿ ಮಚ್ಚೆ ನೋಡಿದರು. ‘ಅಳಿಸಿ ಹೋಗಿದೆ’ ಎಂದುಕೊಂಡು ಅದರ ಮೇಲೆಯೇ ಮತ್ತೊಮ್ಮೆ, ಇನ್ನೂ ಒತ್ತಿ ಬರೆದರು. ಕೊನೆಗೆ ಯಾರೋ ಆ ಜಾಗದಲ್ಲಿ ಒಂದು ಕೆಂಪು ಹೂ ಬರೆದರು. ವಿಶ್ವವಿಜಯದ ನಡುವೆ ಹೂ ಯಾಕೆ ಅರಳಿತು ಎಂದು ಆಕೆಗೆ ಇವತ್ತಿಗೂ ಗೊತ್ತಿರಲಿಕ್ಕಿಲ್ಲ.

‘ಅಂಡ್ ಇಲ್ಲದಿದ್ದರೆ ಏನಾಗುತ್ತೆ ಸಾರ್?’ ಎಂದು ಹುಡುಗ ಕೇಳಿದ. ‘ಅದೆಲ್ಲ ಅಮೆರಿಕದವರ ಸೋಮಾರಿತನ’ ಎಂದರು. ಈಗಿನ ಮಟ್ಟಿಗೆ ಅಮೆರಿಕದವರು ಅದನ್ನು ಜಾಸ್ತಿ ಬಳಸುವುದು, ಬ್ರಿಟನ್ನಿನವರು ‘ಅಂಡ್’ ಕಡೆ ವಾಲುವುದು ನಿಜವೇ. ಆದರೆ ಷೇಕ್ಸ್‌ಪಿಯರ್‌ನ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಿ ಇಬ್ಬನಿ ಹುಡುಕಲು ಹೊರಟ ಕಿನ್ನರಿ ‘ಗೋ ಸೀಕ್’ ಎಂದೇ ಹೇಳುತ್ತಾಳೆ. ಅದು 1590ರ ದಶಕದ ನಾಟಕ. ಇಂಗ್ಲಿಷರು ಅಮೆರಿಕದಲ್ಲಿ ಜೇಮ್ಸ್‌ಟೌನ್ ಕಟ್ಟಿದ್ದು 1607ರಲ್ಲಿ. ಕಿನ್ನರಿ ಸೋಮಾರಿಯಾಗಿದ್ದರೂ ಅಮೆರಿಕದವಳಂತೂ ಅಲ್ಲ. ಇದನ್ನು ಅವತ್ತೇ ಹೇಳಬಹುದಿತ್ತು. ಹೇಳಲಿಲ್ಲ. ನನ್ನ ರಜೆ ಅರ್ಜಿ ಅವರ ಮೇಜಿನ ಮೇಲಿತ್ತು.

ಕತೆ ಇಲ್ಲಿಗೆ ಮುಗಿಯಲಿಲ್ಲ. ಬೀಳ್ಕೊಡುಗೆಯ ದಿನ ಅವರದೇ ಭಾಷಣ. ಆಕೆಯ ಕೆಲಸ, ಶಿಸ್ತು, ಜಾಣತನ ಎಲ್ಲವನ್ನೂ ಹೊಗಳಿದರು. ಕೊನೆಗೆ ಒಂದು ಉಸಿರು ಎಳೆದುಕೊಂಡು, ‘ಅಂಡ್ ನೌ ಶೀ ಹ್ಯಾಸ್ ಗಾನ್ ಅಂಡ್ ರಿಸೈನ್ಡ್’ ಎಂದರು. ವ್ಯಾಕರಣದಲ್ಲಿ ಒಂದು ಕೂದಲಿನಷ್ಟೂ ತಪ್ಪಿಲ್ಲ. ‘ಅಂಡ್’ ಕೂಡ ಇರಬೇಕಾದಲ್ಲೇ ಇತ್ತು. ಆದರೂ ಎಲ್ಲರೂ ಒಮ್ಮೆ ತೆಪ್ಪಗಾದರು. ಯಾಕೆಂದರೆ ಅದು ಶುದ್ಧ ಬೈಗುಳ. ಆಕೆ ಎಲ್ಲಿಗೂ ಹೋಗಿ ರಾಜೀನಾಮೆ ಕೊಟ್ಟಿರಲಿಲ್ಲ, ಕೂತಲ್ಲಿಂದಲೇ ಮೇಲ್ ಕಳಿಸಿದ್ದಳು. ಆ ‘ಗಾನ್’ನಲ್ಲಿ ನಡಿಗೆಯೇ ಇಲ್ಲ. ಇರುವುದು ಸಿಟ್ಟು ಮಾತ್ರ. ‘ಹೋಗಿ ಹೋಗಿ ರಾಜೀನಾಮೆ ಕೊಟ್ಟಳಲ್ಲ!’ ಎಂದು ನಾವು ಹೇಳುವುದಿಲ್ಲವಾ, ಅದೇ. ಇಡೀ ಭಾಷಣದಲ್ಲಿ ಅವರ ಹೊಟ್ಟೆಯೊಳಗಿಂದ ಬಂದ ವಾಕ್ಯ ಅದೊಂದೇ ಎಂದು ನನಗೆ ಈಗಲೂ ಅನಿಸುತ್ತದೆ. ಆಕೆಗೂ ಅನಿಸಿರಬೇಕು, ನಗುತ್ತಿದ್ದಳು.

ನಡುವಿನ ‘ಅಂಡ್’ ಕಿತ್ತರೆ ಈ ಸಿಟ್ಟೂ ಹೋಗುತ್ತದೆ. ‘ಗೋ ಗೆಟ್’ ಎಂದರೆ ಹೆಚ್ಚುಕಡಿಮೆ ಎದ್ದು ಹೋಗಲೇಬೇಕು. ‘ವೆಂಟ್ ಅಂಡ್ ಬ್ರೋಕ್ ಇಟ್’ ಎಂದರೆ ಕೂತಲ್ಲೇ ಒಡೆದಿರಬಹುದು. ಬ್ರಿಟನ್ನಿನವರಂತೂ ಸಿಟ್ಟು ಬಂದರೆ ‘ಬೀನ್ ಅಂಡ್ ಗಾನ್ ಅಂಡ್ ಡನ್ ಇಟ್’ ಎನ್ನುತ್ತಾರೆ. ಮಾಡಿದ್ದು ಒಂದು ಕೆಲಸ, ಕ್ರಿಯಾಪದ ಮೂರು. ಇಷ್ಟೆಲ್ಲ ಹೊರೆ ಹೊರುವ ಪದವನ್ನು ‘ದಂಡ’ ಎಂದು ನೀಲಿ ಗೆರೆ ಎಳೆಯುವವರಿಗೆ ಜೀವಮಾನದಲ್ಲಿ ಯಾರ ಮೇಲೂ ಸಿಟ್ಟು ಬಂದಿಲ್ಲವೇನೋ!

‘ಗೋ’ ಪಕ್ಕಕ್ಕೆ ‘ಇಂಗ್’ ಬಂದರೆ ಬೇರೆಯೇ ರಗಳೆ. ಶಾಪಿಂಗ್, ಫಿಶಿಂಗ್, ಸ್ವಿಮ್ಮಿಂಗ್, ಡ್ಯಾನ್ಸಿಂಗ್ ಎಲ್ಲಕ್ಕೂ ಹೋಗಬಹುದು. ಸ್ಟಡಿಯಿಂಗ್‌ಗೆ ಯಾರೂ ಹೋಗುವುದಿಲ್ಲ. ಮೋಜಿಗೆ ಹೊರಡುವವರ ಬಂಡಿ ಅದು. ಆದರೆ ಬೇಟೆಗೆ ಹೊರಟ ‘ಗೋ’ವೇ ಬಾಯಿಬಡುಕರ ಜೊತೆ ಸಿಕ್ಕರೆ, ‘ಡೋಂಟ್ ಗೋ ಟೆಲ್ಲಿಂಗ್ ಎವ್ರಿವನ್’ ಎಂದು ಮತ್ತೆ ಗದರುತ್ತದೆ. ಇನ್ನು ‘ವೆಂಟ್ ರನ್ನಿಂಗ್’ ಎಂದರೆ ಶೂ ಕಟ್ಟಿಕೊಂಡು ಓಟದ ವ್ಯಾಯಾಮಕ್ಕೆ ಹೋದ ಅಂತ ಅನಿಸುತ್ತದೆ. ‘ಕೇಮ್ ರನ್ನಿಂಗ್’ ಎಂದರೆ ಓಡೋಡಿ ಬಂದ. ಅದೇ ಕಾಲು, ಅದೇ ಓಟ. ಹೋಗುವಾಗ ಹವ್ಯಾಸ, ಬರುವಾಗ ಗಾಬರಿ.

ಹಾಗಂತ ‘ಕಮ್’ ಸಾಧು ಪ್ರಾಣಿ ಎಂದುಕೊಳ್ಳಬೇಡಿ. ‘ಡೋಂಟ್ ಕಮ್ ಕ್ರೈಯಿಂಗ್ ಟು ಮಿ’ ಎನ್ನುವುದು ಅದೇ. ‘ಗೋ’ ಬೈಯುವುದು ಮಾಡಿಕೊಂಡ ಎಡವಟ್ಟಿಗೆ. ಆಮೇಲೆ ಅದನ್ನು ಹೊತ್ತು ನಮ್ಮ ಮುಂದೆ ನಿಂತದ್ದಕ್ಕೆ ಬೈಯುವುದು ‘ಕಮ್’. ‘ಈಗ ಬಂದು ಹೇಳ್ತೀಯಾ?’ ಎಂದು ಫೋನಿನಲ್ಲೇ ಕೂಗುತ್ತೇವೆ. ಬಂದವರು ಯಾರು? ಅವನು ಅವನ ಮನೆಯಲ್ಲಿ, ನಾವು ನಮ್ಮ ಮನೆಯಲ್ಲಿ.

ಕೆಲವು ಅಮೆರಿಕನ್ನರು ‘ರನ್ ಗೆಟ್ ದ ಡಾಕ್ಟರ್’ ಎಂದೂ ಹೇಳುತ್ತಾರೆ. ‘ಅಂಡ್’ ಇಲ್ಲದೆ ಓಡಲು ಅಡ್ಡಿಯಿಲ್ಲ. ‘ವಾಕ್ ಗೆಟ್’ ಎಂದು ಮಾತ್ರ ಯಾರೂ ಅನ್ನುವುದಿಲ್ಲ. ನಡೆದು ಹೋಗುವವರು ‘ಅಂಡ್’ ಹಾಕಿಕೊಂಡೇ ಹೋಗಬೇಕು.