ಕಾಣದ ಕುದುರೆ ಮತ್ತು ಅಧಿಕಪ್ರಸಂಗ

ಹೋದ ಶನಿವಾರ ಇಲ್ಲಿ ಇಂಗ್ಲೆಂಡಿನ ರೆಡಿಂಗ್‌ನ ಲೈಬ್ರರಿಯಲ್ಲಿ ನನ್ನ ಒಂಬತ್ತು ವರ್ಷದ ಮಗಳು ಹ್ಯಾರಿ ಪಾಟರ್ ಮೇಲೆ ತಕರಾರು ತೆಗೆದಳು. ಐದನೇ ಪುಸ್ತಕದಲ್ಲಿ ಶಾಲೆಯ ಗಾಡಿ ಎಳೆಯುವ ಥೆಸ್ಟ್ರಲ್ ಎಂಬ ಕುದುರೆಗಳು ಹ್ಯಾರಿಗೆ ಮೊದಲ ಸಲ ಕಾಣುತ್ತವೆ. ಸಾವನ್ನು ಕಣ್ಣಾರೆ ಕಂಡವರಿಗಷ್ಟೇ ಅವು ಕಾಣೋದು. ಆದರೆ ಅವನ ಶಾಲೆಯ ಸೆಡ್ರಿಕ್ ಅವನ ಕಣ್ಣೆದುರೇ ಸತ್ತದ್ದು ನಾಲ್ಕನೆಯದರಲ್ಲಿ. ಆ ಪುಸ್ತಕದ ಕೊನೆಗೂ ಅದೇ ಗಾಡಿಗಳು ಬರುತ್ತವಲ್ಲ, ಆಗ್ಯಾಕೆ ಕಾಣಲಿಲ್ಲ?

"ಸಾಕು ಪುಟ್ಟಿ, ಬಾ" ಎಂದು ನಾನು ಕೈ ಎಳೆದೆ. ಕೌಂಟರಿನಲ್ಲಿದ್ದವರು ಮಾತ್ರ ಹಿಂದೆ ಕ್ಯೂ ಬೆಳೆಯುತ್ತಿದ್ದರೂ ಎರಡೂ ಪುಸ್ತಕ ತಂದು, ಪುಟ ತಿರುವಿ, ಅವಳು ಹೇಳಿದ್ದು ಸರಿ ಅಂದರು. ಸಾವು ಕಂಡರೆ ಸಾಲದು, ಅದು ಮನಸ್ಸಿಗೆ ಇಳಿಯಬೇಕು ಅನ್ನುವುದು ಲೇಖಕಿ ಆಮೇಲೆ ಕೊಟ್ಟ ಸಮಜಾಯಿಷಿ ಅಂತಲೂ ಹೇಳಿದರು. ಮಗಳು ಒಪ್ಪಲಿಲ್ಲ.

ನನಗೆ ಚುಚ್ಚಿದ್ದು ಬೇರೆ. ಪುತ್ತೂರಿನ ಕಡೆಯ ಶಾಲೆಯಲ್ಲಿ, ಶಿವನಿಗೆ ಎಲ್ಲ ಗೊತ್ತಿದ್ದರೆ ಭಸ್ಮಾಸುರನಿಗೆ ಆ ವರ ಯಾಕೆ ಕೊಟ್ಟ ಅಂತ ಕೇಳಿ ಬೆಂಚಿನ ಮೇಲೆ ನಿಂತವನು ನಾನು. "ಅಧಿಕಪ್ರಸಂಗಿ" ಅನ್ನುವ ಹೆಸರು ಏಳನೇ ಕ್ಲಾಸಿನವರೆಗೂ ಬಿಡಲಿಲ್ಲ.

ಹೀಗೆ ಪಾಟೀಸವಾಲು ಹಾಕುವ ಮಕ್ಕಳಿರುವುದಕ್ಕೇ ಇಲ್ಲಿಯವರು ಕಥೆಯನ್ನು ಅಷ್ಟು ಬಿಗಿಯಾಗಿ ಹೆಣೆಯುತ್ತಾರೇನೋ. 1997ರ ಮೊದಲ ಪುಸ್ತಕದ ಮೊದಲ ಅಧ್ಯಾಯದಲ್ಲೇ ಶಾಲೆಯ ಕಾವಲುಗಾರ ಹ್ಯಾಗ್ರಿಡ್ ತಾನು ತಂದ ಬೈಕು ಸಿರಿಯಸ್ ಬ್ಲ್ಯಾಕ್‌ನದ್ದು ಅನ್ನುತ್ತಾನೆ. ಆ ಸಿರಿಯಸ್ ಯಾರು ಅಂತ ತಿಳಿಯಲು 1999ರ ಮೂರನೆಯದು ಬರಬೇಕಾಯಿತು. 2003ರ ಐದನೆಯದರಲ್ಲಿ ಮನೆ ಚೊಕ್ಕ ಮಾಡುವಾಗ ಸಿಗುವ, ಯಾರಿಗೂ ತೆರೆಯಲು ಬಾರದ ಲಾಕೆಟ್ಟಿನ ಹಿಂದೆ 2007ರ ಏಳನೆಯದರಲ್ಲಿ ಎಲ್ಲರೂ ಓಡುತ್ತಾರೆ. ಕೈ ಜಾರಿದ್ದು ಕಾಲವನ್ನು ಹಿಂದೆ ತಿರುಗಿಸುವ ಟೈಮ್ ಟರ್ನರ್‌ನಲ್ಲಿ. ಕಾಲದಲ್ಲಿ ಹಿಂದೆ ಹೋಗಿ ಸಿರಿಯಸ್‌ನನ್ನು ಪಾರುಮಾಡಬಹುದಾದರೆ, ಮುಂದೆ ಯಾರೇ ಸತ್ತರೂ ಹಾಗೇ ಮಾಡಬಹುದಲ್ಲ? ಅದಕ್ಕೇ ಐದನೆಯದರ ಹೊಡೆದಾಟದಲ್ಲಿ ಅವೆಲ್ಲ ಪುಡಿಪುಡಿ. ನಮ್ಮ ಧಾರಾವಾಹಿಯವರು ಪಾತ್ರವನ್ನು ಅಮೆರಿಕಕ್ಕೆ ಕಳಿಸುವ ಹಾಗೆ!

ಇಲ್ಲಿಯವರೆಲ್ಲ ಹೀಗೇ ಅಂತಲೂ ಅಲ್ಲ. ಸಿ. ಎಸ್. ಲೂಯಿಸ್ ಬರೆದ ನಾರ್ನಿಯಾ ಕಥೆಗಳ ಬಿಳಿ ಮಾಟಗಾತಿ ಆದಮನ ಮೊದಲ ಹೆಂಡತಿ ಲಿಲಿತ್‌ಳ ವಂಶದವಳು ಅಂತ 1950ರ ಪುಸ್ತಕದಲ್ಲಿ ಬೀವರ್ ಎಂಬ ಮಾತಾಡುವ ಪ್ರಾಣಿ ಹೇಳುತ್ತದೆ. 1955ರದ್ದನ್ನು ಓದಿದರೆ ಅವಳು ಚಾರ್ನ್ ಎಂಬ ಬೇರೆಯೇ ಲೋಕದ ರಾಣಿ. ತೋರಿಸಿದರೆ ಮಗಳು, "ಪಾಪ ಬೀವರ್‌ಗೆ ಹೇಗೆ ಗೊತ್ತಿರತ್ತೆ ಅಪ್ಪ?" ಅಂದಳು. ಒಂದೇ ಕಥೆಯಲ್ಲಿ ರಾಜಕುಮಾರನಿಗೆ ಒಂದು ರಾತ್ರಿ ಮೂವರು, ಇನ್ನೊಂದು ರಾತ್ರಿ ಏಳು ಜನ ಅಣ್ಣಂದಿರನ್ನು ಕೊಡುತ್ತಿದ್ದ ನಮ್ಮಜ್ಜಿ ಇದ್ದಿದ್ದರೆ ಅವಳನ್ನು ಎತ್ತಿ ಮುದ್ದಾಡುತ್ತಿದ್ದರು.

ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ಅಪ್ಪ ಕೆರಳಿದರು. "ಬೆಂಚು ನೆನಪುಂಟು, ತಾಳಮದ್ದಳೆಗೆ ಕರ್ಕೊಂಡು ಹೋದದ್ದು ಮರೆತು ಹೋಯ್ತಾ? ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಅಂತ ವಾಲಿ ರಾಮನನ್ನು ರಾತ್ರಿಯಿಡೀ ಕೇಳಲಿಲ್ವಾ? ಅವನನ್ನು ಯಾರಾದರೂ ಬೆಂಚು ಹತ್ತಿಸಿದರಾ?"

ಮರೆತಿರಲಿಲ್ಲ. ನಿದ್ದೆ ಬಂದಿತ್ತು, ಅಷ್ಟೆ.

ಅಷ್ಟರಲ್ಲಿ ಮಗಳು ಫೋನು ಕಸಿದುಕೊಂಡಳು. "ರಾಮ ಏನಂದ ಅಜ್ಜ?" ಅಜ್ಜನ ಉತ್ತರ ಅರ್ಧ ಗಂಟೆ ದಾಟಿದೆ, ಅವಳಿನ್ನೂ "ಆದರೆ" ಅನ್ನುತ್ತಲೇ ಇದ್ದಾಳೆ.