ಆನೆ ಬಂತು, ಫೈಲ್ ತೆರೆಯಲಿಲ್ಲ

ನಮ್ಮ ಊರಿಗೆ ಆನೆ ಬರಲು ಯಾವ ಸಾಫ್ಟ್‌ವೇರೂ ಬೇಡ. ತೋಟದಲ್ಲಿ ಹಲಸು ಹಣ್ಣಾದರೆ ಸಾಕು. ವಾಸನೆ ಹಿಡಿದು, ಕಂದಕ ದಾಟಿ, ಸೋಲಾರ್ ಬೇಲಿ ಮೇಲೆ ಒಂದು ಮರ ಕೆಡವಿ, ನೇರ ಕಾಫಿ ಗಿಡಗಳ ನಡುವೆ ಬಂದು ನಿಲ್ಲುತ್ತದೆ. ಹಳೇ ಬೇಲಿ, ಹೊಸ ಬೇಲಿ, ರೈಲು ಕಂಬಿಯ ಬೇಲಿ, ಯಾವುದಾದರೂ ಅದಕ್ಕೆ ಆಗುತ್ತದೆ. ಆದರೆ ಆನೆ ಬಂದಾಗ ನಾವೇನು ಮಾಡಬೇಕು ಅನ್ನುವ ಮಾಹಿತಿ ನಮ್ಮ ಊರಿಗೆ ಬರಬೇಕಾದರೆ ಮಾತ್ರ ಪವರ್‌ಪಾಯಿಂಟ್ 2019 ಬೇಕು. ಇಲ್ಲದಿದ್ದರೆ ತಿಂಗಳು ತಿಂಗಳು ದುಡ್ಡು ಕಟ್ಟುವ ಮೈಕ್ರೋಸಾಫ್ಟ್ 365.

ಈ ವಿಷಯ ನಮಗೆ ಗೊತ್ತಾಗಿದ್ದು ಈ ಮಳೆಗಾಲದಲ್ಲಿ. ಒಂದು ಕಚೇರಿಯವರು (ಹೆಸರು ಬೇಡ, ನಾಳೆ ನಾನೇ ಅರ್ಜಿ ಹಿಡಿದು ಅಲ್ಲಿಗೆ ಹೋಗಬೇಕು) ಬುಧವಾರ ಸಭೆ ಇಟ್ಟರು. ಅದಕ್ಕೂ ಮೊದಲು ಎಲ್ಲರೂ ನೋಡಿಕೊಂಡು ಬನ್ನಿ ಅಂತ ನಮ್ಮ ಸೊಸೈಟಿಗೆ ಒಂದು ಪ್ರೆಸೆಂಟೇಶನ್ ಮೇಲ್ ಮಾಡಿದರು. 64 ಸ್ಲೈಡ್. ಹೆಸರು, 'ಕಾಡಾನೆ ಮುಂಜಾಗ್ರತೆ ಫೈನಲ್ ಫೈನಲ್ 3'. ಕೊನೆಯಲ್ಲಿ ಪಿಪಿಟಿಎಕ್ಸ್, ಅಂದರೆ ಹೊಸ ಪವರ್‌ಪಾಯಿಂಟಿನ ಫೈಲ್ ಅನ್ನುವ ಗುರುತು.

ನಮ್ಮ ಸೊಸೈಟಿಯ ಕಂಪ್ಯೂಟರ್ ಬಗ್ಗೆ ಸ್ವಲ್ಪ ಹೇಳಬೇಕು. ಗೊಬ್ಬರದ ಚೀಲಗಳ ಪಕ್ಕ, ಕಿಟಕಿಯಿಂದ ದೂರ, ಒಂದು ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಅದರ ವಾಸ. ನಮ್ಮ ಮಳೆಯಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಕಪಾಟಿನ ಕೋಟಿಗೆ ಬೂಸ್ಟು ಬರುತ್ತದೆ, ಕೀಬೋರ್ಡ್ ಯಾವ ಲೆಕ್ಕ? ಅದಕ್ಕೇ ಕ್ಲರ್ಕ್ ಅಕ್ಕ ಹಗಲೂ ರಾತ್ರಿ ಅದರ ಪಕ್ಕ ಒಂದು ಬಲ್ಬ್ ಉರಿಸಿ ಇಡುತ್ತಾರೆ, ಬಾಣಂತಿಗೆ ಬೆಂಕಿ ಕಾಯಿಸಿದ ಹಾಗೆ. ಒಳಗೆ ವಿಂಡೋಸ್ ಎಕ್ಸ್‌ಪಿ, ಪವರ್‌ಪಾಯಿಂಟ್ ಸೇರಿರುವ ಆಫೀಸ್ 2003. ಎರಡಕ್ಕೂ ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ಕೈ ತೊಳೆದುಕೊಂಡಿದೆ. ಆದರೂ ಸಾಲದ ಲೆಕ್ಕ, ಗೊಬ್ಬರದ ಲೆಕ್ಕ ಒಂದು ದಿನವೂ ತಪ್ಪಿಲ್ಲ. ಅಂದ ಹಾಗೆ, ಈ ಕಂಪ್ಯೂಟರ್ ಕೊಟ್ಟವರು ಯಾರು ಅಂದುಕೊಂಡಿರಿ? ಪಿಪಿಟಿಎಕ್ಸ್ ಕಳಿಸಿದ ಅದೇ ಕಚೇರಿಯವರು. ಹೊಸದು ಕೊಡಿ ಅಂತ ನಾವು ಅರ್ಜಿ ಹಾಕಿದ್ದೆವು. ಹೊಸದು ಯಾಕೆ ಬೇಕು ಅನ್ನುವುದನ್ನು ಒಂದು ಪ್ರೆಸೆಂಟೇಶನ್ ಮಾಡಿ ಕಳಿಸಿ ಅಂತ ಉತ್ತರ ಬಂದಿದೆ.

ಸರಿ, ಅಕ್ಕ ಫೈಲ್ ಮೇಲೆ ಎರಡು ಸಲ ಒತ್ತಿದರು. ಇದನ್ನು ಯಾವುದರಲ್ಲಿ ತೆರೆಯಲಿ ಅಂತ ಕಂಪ್ಯೂಟರೇ ಅಕ್ಕನನ್ನು ಕೇಳಿತು. ಅಕ್ಕ ನನ್ನನ್ನು ಕೇಳಿದರು. ನಾನು ಕಚೇರಿಗೆ ಫೋನ್ ಮಾಡಿದೆ.

"ಸರ್, ನೀವು ಕಳಿಸಿದ್ದು ತೆರೀತಾ ಇಲ್ಲ."

"ನಮ್ಮಲ್ಲಿ ತೆರೀತದಲ್ಲ?"

ಇದೊಂದು ಮಾತು ಇದೆಯಲ್ಲ, ಇದನ್ನು ಚೌಕಟ್ಟು ಹಾಕಿಸಿ ಎಲ್ಲಾ ಕಚೇರಿಗಳಲ್ಲಿ ತೂಗುಹಾಕಬೇಕು. ನಮ್ಮಲ್ಲಿ ತೆರೀತದೆ. ಅಲ್ಲ ಸ್ವಾಮಿ, ನಿಮ್ಮಲ್ಲಿ ತೆರೆಯದೆ ಇನ್ನೇನು? ಮಾಡಿದವರು ನೀವು, ಮಾಡಿದ್ದು ಅದೇ ಮೇಜಿನ ಮೇಲೆ. ನಮ್ಮ ಮನೆ ಬೀಗಕ್ಕೆ ನಿಮ್ಮ ಮನೆ ಕೀಲಿ ಕಳಿಸಿ, ನಮ್ಮಲ್ಲಿ ಚೆನ್ನಾಗಿ ತಿರುಗುತ್ತದಲ್ಲ ಅಂದರೆ ಹೇಗೆ?

"ಸರ್, ನಮ್ಮದು 2003."

ಆ ಕಡೆ ಸ್ವಲ್ಪ ಹೊತ್ತು ಮೌನ. ಮನೆಯಲ್ಲಿ ಯಾರೋ ಹೋಗಿಬಿಟ್ಟರು ಅಂತ ಹೇಳಿದ ಹಾಗೆ. ಆಮೇಲೆ, "ಅಪ್‌ಡೇಟ್ ಮಾಡ್ಕೊಳ್ಳಿ" ಅಂದರು. ಎಕ್ಸ್‌ಪಿ ಮೇಲೆ ಕೂರುವ ಕೊನೆಯ ಆಫೀಸ್ ಅಂದರೆ 2010. 2013ರಿಂದ ಈಚಿನದು ಯಾವುದೂ ಅದರ ಮೇಲೆ ಕೂರುವುದಿಲ್ಲ. ಅಂದರೆ ಆಫೀಸ್ ಹೊಸದಾಗಬೇಕಾದರೆ ವಿಂಡೋಸ್ ಹೊಸದಾಗಬೇಕು, ವಿಂಡೋಸ್ ಹೊಸದಾಗಬೇಕಾದರೆ ಕಂಪ್ಯೂಟರ್ ಹೊಸದಾಗಬೇಕು, ಕಂಪ್ಯೂಟರ್ ಹೊಸದಾಗಬೇಕಾದರೆ ಪ್ರೆಸೆಂಟೇಶನ್ ಮಾಡಿ ಕಳಿಸಬೇಕು. ಹಳೇ ಆಫೀಸಿಗೆ ಹೊಸ ಫೈಲ್ ಓದುವುದನ್ನು ಕಲಿಸುವ ಕಂಪ್ಯಾಟಿಬಿಲಿಟಿ ಪ್ಯಾಕ್ ಅಂತ ಒಂದನ್ನು ಮೈಕ್ರೋಸಾಫ್ಟ್ ಪುಕ್ಕಟೆ ಕೊಡುತ್ತಿತ್ತು, ಸುಮ್ನೆ ನೋಡೋಕೆ ಅಂತ ಒಂದು ವ್ಯೂವರ್ ಕೂಡ ಇತ್ತು. 2018ರಲ್ಲಿ ಎರಡನ್ನೂ ನಿಲ್ಲಿಸಿದರು. ನಾವು ಕೇಳಲು ಹೋದಾಗ ಅಂಗಡಿ ಮುಚ್ಚಿತ್ತು.

ನಿಜ ಹೇಳಬೇಕೆಂದರೆ ಕಚೇರಿಯವರಿಗೆ ಇದು ಅರ್ಧ ನಿಮಿಷದ ಕೆಲಸ. ಫೈಲ್ ಮೆನುವಿನಲ್ಲಿ ಸೇವ್ ಆ್ಯಸ್ ಒತ್ತಿ, ಅಲ್ಲಿರುವ ಪಟ್ಟಿಯಲ್ಲಿ 'ಪವರ್‌ಪಾಯಿಂಟ್ 97-2003' ಅಂತ ಇರುವುದನ್ನು ಆರಿಸಿದರೆ ಮುಗಿಯಿತು. ಪಿಪಿಟಿಎಕ್ಸ್ ಹುಟ್ಟಿದ್ದೇ 2007ರ ಆಫೀಸ್ ಜೊತೆ. ಅದಕ್ಕೂ ಹಿಂದಿನವರು ಬದುಕಿರಬಹುದು ಅಂತಲೇ ಆ ಆಯ್ಕೆ ಇಟ್ಟಿರುವುದು. ಹಾಗೆ ಸೇವ್ ಮಾಡಿದರೆ ಏನೇನು ಕಳೆದುಹೋಗುತ್ತದೆ ಅಂತ ಮೊದಲೇ ಹೇಳುವ ಚೆಕ್ ಕಂಪ್ಯಾಟಿಬಿಲಿಟಿ ಅನ್ನುವ ಗುಂಡಿಯೂ ಉಂಟು. ಸ್ಮಾರ್ಟ್‌ಆರ್ಟ್ ಚಿತ್ರಗಳೆಲ್ಲ ಬರೀ ಫೋಟೋ ಆಗಿಬಿಡುತ್ತವೆ, ಹಳೇ ಪವರ್‌ಪಾಯಿಂಟಿನಲ್ಲಿ ಅವನ್ನು ತಿದ್ದಲು ಬರುವುದಿಲ್ಲ, ಅಷ್ಟೇ. ನಾವೇನು ಅವರ ಬಾಣದ ಗುರುತು ತಿದ್ದಲು ಕೂತಿದ್ದೇವಾ? ಇದೂ ಬೇಡ ಅಂದರೆ ಪಿಡಿಎಫ್ ಮಾಡಬಹುದಿತ್ತು. ಆದರೆ ಪಿಡಿಎಫ್‌ನಲ್ಲಿ ಅಕ್ಷರಗಳು ಹಾರಿಕೊಂಡು ಬರುವುದಿಲ್ಲ ನೋಡಿ.

ಎರಡನೇ ದಿನ ಮತ್ತೊಂದು ಮೇಲ್ ಬಂತು. 'ತಮ್ಮ ಕೋರಿಕೆಯ ಮೇರೆಗೆ ಹಳೆಯ ಮಾದರಿಗೆ ಪರಿವರ್ತಿಸಲಾಗಿದೆ.' ನೋಡಿದರೆ ಹೌದು, ಕೊನೆಯಲ್ಲಿ ಬರೀ ಪಿಪಿಟಿ. ಅಕ್ಕನಿಗೆ ಖುಷಿಯೋ ಖುಷಿ. ಒತ್ತಿದರು. ಪವರ್‌ಪಾಯಿಂಟ್ ಈ ಸಲ ಎದ್ದು ಬಂದು, ಫೈಲ್ ನೋಡಿ, ನನ್ನಿಂದಾಗಲ್ಲ ಅಂತ ವಾಪಸ್ ಮಲಗಿತು. ಆಮೇಲೆ ಗೊತ್ತಾಯಿತು, ಅವರು ಪರಿವರ್ತಿಸಿದ್ದು ಫೈಲ್ ಅಲ್ಲ, ಫೈಲಿನ ಹೆಸರು. ಕೊನೆಯ ಎಕ್ಸ್ ಅಳಿಸಿದ್ದಾರೆ. ರೋಬಸ್ಟಾ ಚೀಲದ ಮೇಲೆ ಅರೇಬಿಕಾ ಅಂತ ಬರೆದ ಹಾಗೆ. ಗೋಣಿಕೊಪ್ಪದ ವ್ಯಾಪಾರಿ ಕೂಡ ಒಂದು ಹಿಡಿ ಕೈಗೆ ತೆಗೆದುಕೊಂಡು ನೋಡದೆ ನಂಬುವುದಿಲ್ಲ, ಕಂಪ್ಯೂಟರ್ ನಂಬುತ್ತದಾ?

ಹೆಸರು ಬದಲಿಸುವ ವಿದ್ಯೆ ನಮ್ಮ ಹುಡುಗನೊಬ್ಬನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಕುಶಾಲನಗರದಲ್ಲಿ ಡಿಪ್ಲೊಮಾ ಓದುತ್ತಾನೆ. ಪಿಪಿಟಿಎಕ್ಸ್ ಅಂದರೆ ಒಳಗಿನಿಂದ ಒಂದು ಜಿಪ್ ಫೈಲ್, ಹಲವು ಫೈಲು ಕಟ್ಟಿಟ್ಟ ಗಂಟು, ಅಷ್ಟೇ ಅಣ್ಣ ಅಂದ. ಮೊದಲು ಬಂದ ಫೈಲಿನ ಕೊನೆಗೆ ಜಿಪ್ ಅಂತ ಬರೆದು ತೆರೆದ. ತೆರೆಯಿತು! ಸ್ಲೈಡುಗಳೆಲ್ಲ ಒಂದೊಂದು ಎಕ್ಸ್‌ಎಂಎಲ್ ಫೈಲು, ಓದಲು ಹೋದರೆ ತಲೆ ತಿರುಗುತ್ತದೆ. ಪಕ್ಕದಲ್ಲಿ ಮೀಡಿಯಾ ಅಂತ ಒಂದು ಫೋಲ್ಡರ್, ಅದರಲ್ಲಿ ಚಿತ್ರಗಳು. ಅದನ್ನು ನೋಡಲು ಸೊಸೈಟಿಯಲ್ಲಿದ್ದವರೆಲ್ಲ ಬಂದು ನಿಂತರು, ಗೊಬ್ಬರಕ್ಕೆ ಬಂದಿದ್ದ ಪಕ್ಕದ ತೋಟದ ಮಾವ ಕೂಡ ಕೊಡೆ ಮಡಚದೆ ಒಳಗೆ ಬಂದರು. ಮೊದಲನೇ ಚಿತ್ರ, ಸಾಹೇಬರು ದೀಪ ಹಚ್ಚುತ್ತಿರುವುದು. ಎರಡನೆಯದು, ಸಾಹೇಬರಿಗೆ ಹೂಗುಚ್ಛ. ಮೂರನೆಯದು, ಹೂಗುಚ್ಛ ಕೊಟ್ಟವರಿಗೆ ಸಾಹೇಬರಿಂದ ಹೂಗುಚ್ಛ. ಹದಿಮೂರನೇ ಚಿತ್ರದಲ್ಲಿ ಒಂದು ಆನೆ ಸಿಕ್ಕಿತು. ಅಗಲವಾದ ಕಿವಿ, ತಗ್ಗಿದ ಬೆನ್ನು.

ಮಾವ ಕನ್ನಡಕ ಏರಿಸಿ ನೋಡಿದರು. "ಇದು ನಮ್ಮದಲ್ಲ ಮಾರಾಯ. ಇದು ಆಫ್ರಿಕಾದ್ದು."

ಬುಧವಾರ ಸಭೆ. ಮಳೆ ಅಂದರೆ ಮಳೆ. ಸಭಾಂಗಣದ ಶೀಟಿನ ಮೇಲೆ ಬೀಳುವ ಸದ್ದಿಗೆ ಮೈಕ್ ಇದ್ದೂ ಇಲ್ಲದ ಹಾಗೆ. ಬಂದ ಅಧಿಕಾರಿ ಪೆನ್‌ಡ್ರೈವ್ ಮಾತ್ರ ತಂದಿದ್ದರು, ಲ್ಯಾಪ್‌ಟಾಪ್ ನೀವೇ ಕೊಡುತ್ತೀರಿ ಅಂದುಕೊಂಡಿದ್ದರಂತೆ. ಮಾವನ ಮಗಳದೊಂದು ಹಳೇ ಲ್ಯಾಪ್‌ಟಾಪ್ ಇತ್ತು. ಅದರಲ್ಲಿ 2010. ಪಿಪಿಟಿಎಕ್ಸ್ ಅದಕ್ಕೆ ತಿಳಿಯುತ್ತದೆ. ಎಲ್ಲರೂ ಉಸಿರು ಬಿಟ್ಟರು.

ತೆರೆಯಿತು. ಆದರೆ ಅಕ್ಷರ? ಅವರು ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದರು, ಫಾಂಟ್ ಬದಲಾದರೂ ಕನ್ನಡ ಕನ್ನಡವಾಗೇ ಉಳಿಯುವ ಯೂನಿಕೋಡ್ ಅಲ್ಲ. ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇಲ್ಲ. ಫಾಂಟನ್ನು ಫೈಲಿನೊಳಗೇ ಸೇರಿಸಿ ಸೇವ್ ಮಾಡುವ ಆಯ್ಕೆ ಪವರ್‌ಪಾಯಿಂಟಿನಲ್ಲಿ ಇದೆ, ಅದಕ್ಕೊಂದು ಟಿಕ್ ಹಾಕಬೇಕು, ಹಾಕಿರಲಿಲ್ಲ. ಹಾಗಾಗಿ ಪರದೆ ತುಂಬ ಇಂಗ್ಲಿಷ್ ಅಕ್ಷರಗಳು, ಕೆಲವಕ್ಕೆ ತಲೆ ಮೇಲೆ ಕೊಂಬು, ಕೆಲವಕ್ಕೆ ಎರಡು ಚುಕ್ಕಿ, ಕೆಲವಕ್ಕೆ ಕೆಳಗೆ ಬಾಲ. ಅಧಿಕಾರಿ ಎದೆಗುಂದಲಿಲ್ಲ. ಪರದೆಗೆ ಬೆನ್ನು ಹಾಕಿ, "ಇಲ್ಲಿ ನೀವು ಸ್ಪಷ್ಟವಾಗಿ ನೋಡಬಹುದು" ಅಂತ ಶುರು ಮಾಡಿದರು. ಹಿಂದೆ ಕೂತಿದ್ದ ಒಬ್ಬ ಅಜ್ಜ, ಇದು ಆನೆಗೆ ಬರೆದ ನೋಟಿಸ್ ಇರಬೇಕು ಅಂದರು.

ನಾಲ್ಕನೇ ಸ್ಲೈಡಿನಲ್ಲಿ ಆನೆ ಕಾಡಿನಿಂದ ತೋಟಕ್ಕೆ ನಿಧಾನವಾಗಿ ನಡೆದು ಬರಬೇಕಿತ್ತಂತೆ. ಮಾರ್ಫ್ ಅನ್ನುವ ಹೊಸ ಚಮತ್ಕಾರ, 2019ರಲ್ಲಿ, 365ರಲ್ಲಿ ಇರುತ್ತದೆ. 2010ಕ್ಕೆ ಅದು ಗೊತ್ತಿಲ್ಲ, ಅದರ ಬದಲು ಸುಮ್ನೆ ಮಸುಕಾಗಿಸಿ ಮುಂದಿನ ಸ್ಲೈಡ್ ತೋರಿಸಿತು. ಹಾಗಾಗಿ ಆನೆ ಕಾಡಿನಲ್ಲಿ ನಿಂತಿತ್ತು, ಮಾಯವಾಯಿತು, ತೋಟದ ನಡುವೆ ಹುಟ್ಟಿತು. ಅಧಿಕಾರಿ, ಕ್ಷಮಿಸಿ, ಇದು ಸರಿಯಾಗಿ ಬರ್ತಾ ಇಲ್ಲ ಅಂದರು. ಸಭೆಯವರು ಒಟ್ಟಿಗೆ, ಇಲ್ಲ ಸರ್, ಹೀಗೇ ಬರೋದು ಅಂದರು. 64 ಸ್ಲೈಡಿನಲ್ಲಿ ನಮ್ಮ ಅನುಭವಕ್ಕೆ ಸರಿಹೊಂದಿದ್ದು ಅದೊಂದೇ.

ವಿಡಿಯೋ ಇತ್ತು. ಅಂದರೆ ವಿಡಿಯೋ ಇರಬೇಕಾದ ಜಾಗ ಇತ್ತು. ಹಳೇ ಅಭ್ಯಾಸದವರು ವಿಡಿಯೋವನ್ನು ಫೈಲಿನೊಳಗೆ ಇಡದೆ ಕೊಂಡಿ ಹಾಕಿರುತ್ತಾರೆ, ಆ ಕೊಂಡಿಯ ಇನ್ನೊಂದು ತುದಿ ಸಾಹೇಬರ ಕಂಪ್ಯೂಟರಿನ ಡೌನ್‌ಲೋಡ್ಸ್‌ನಲ್ಲಿ ಉಳಿದಿತ್ತು. ಅದನ್ನು ಹುಡುಕುತ್ತಾ ಲ್ಯಾಪ್‌ಟಾಪ್ ಸುತ್ತಿತು, ಸುತ್ತಿತು. ಅಷ್ಟರಲ್ಲಿ ಕರೆಂಟ್ ಹೋಯಿತು. ಜೂನ್‌ನಲ್ಲಿ ನಮ್ಮ ಕಡೆ ಕರೆಂಟ್ ಹೋಯಿತು ಅನ್ನುವುದು ಸುದ್ದಿಯಲ್ಲ, ಇತ್ತು ಅನ್ನುವುದು ಸುದ್ದಿ.

ಕತ್ತಲಲ್ಲಿ ಕಾಫಿ ಬಂತು. ಅಧಿಕಾರಿ ಒಳ್ಳೆಯ ಮನುಷ್ಯರೇ, ಬಿಸಿ ಲೋಟ ಕೈಗೆ ಬಂದ ಮೇಲೆ ಮಾತು ಸರಾಗವಾಯಿತು. ಹಲಸನ್ನು ಹಣ್ಣಾಗುವ ಮೊದಲೇ ಇಳಿಸಿ. ಬೆಳಗ್ಗೆ ಬೇಗ, ಸಂಜೆ ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಒಬ್ಬೊಬ್ಬರೇ ಓಡಾಡಬೇಡಿ. ಕೆಲಸದವರನ್ನು ತೋಟಕ್ಕೆ ಬಿಡುವ ಮೊದಲು ಆನೆ ಎಲ್ಲಿದೆ ಅಂತ ವಿಚಾರಿಸಿ. ಕಂಡರೆ ಫೋಟೋ ತೆಗೆಯಲು ಹೋಗಬೇಡಿ. ಎರಡು ನಿಮಿಷದಲ್ಲಿ ಮುಗಿಯಿತು. ಇಷ್ಟನ್ನೇ ಒಂದು ಹಾಳೆಯಲ್ಲಿ ಬರೆದು ಸೊಸೈಟಿ ಬಾಗಿಲಿಗೆ ಅಂಟಿಸಿದ್ದರೆ? ಅಂಟಿಸಬಹುದಿತ್ತು. ಆದರೆ ಹಾಳೆ ಅಂಟಿಸಿದವನಿಗೆ ಮೇಲಿನವರು ಚಪ್ಪಾಳೆ ತಟ್ಟುವುದಿಲ್ಲ, ಅಲ್ವಾ? ಆ 64 ಸ್ಲೈಡ್ ನಮಗೆ ಮಾಡಿದ್ದೇ ಅಲ್ಲ, ಮೇಲಿನವರ ಮೀಟಿಂಗಿಗೆ ಮಾಡಿದ್ದು. ನಮಗೆ ಬಂದಿದ್ದು ಅದರ ಎಂಜಲು. ಅಲ್ಲಿ ಹೊಸ ಲ್ಯಾಪ್‌ಟಾಪ್ ಇತ್ತು, ಫಾಂಟ್ ಇತ್ತು, ವಿಡಿಯೋ ಓಡಿತು, ಆನೆ ನಡೆಯಿತು. ಅಲ್ಲಿ ಇರದೇ ಇದ್ದದ್ದು ತೋಟ ಮಾತ್ರ.

ಪವರ್‌ಪಾಯಿಂಟ್ 1987ರಲ್ಲಿ ಬಂದಾಗ ಮ್ಯಾಕಿಂಟಾಶ್ ಕಂಪ್ಯೂಟರಿಗೆ ಮಾತ್ರ ಇತ್ತು. ಓವರ್‌ಹೆಡ್ ಪ್ರೊಜೆಕ್ಟರಿಗೆ ಹಾಳೆ ತಯಾರಿಸುವ ಕೆಲಸ ಅದರದ್ದು. ಪಾರದರ್ಶಕ ಹಾಳೆಗೆ ಒಂದು ಗುಣ ಇತ್ತು ನೋಡಿ, ಯಾವ ಊರಿನ ಯಾವ ದೀಪದ ಮುಂದೆ ಹಿಡಿದರೂ ಅದು ನೀವು ಯಾವ ವರ್ಷದವರು ಅಂತ ಕೇಳುತ್ತಿರಲಿಲ್ಲ.

ಗುರುವಾರ ಬೆಳಗ್ಗೆ ತೋಟದ ಕೆಲಸದವರ ಲೈನ್ ಮನೆ ಕಡೆಯಿಂದ ವಾಟ್ಸಾಪ್‌ನಲ್ಲಿ ಒಂದು ವಾಯ್ಸ್ ಬಂತು. "ಕೆರೆ ಪಕ್ಕ ಹಲಸಿನ ಮರದ ಹತ್ರ ಎರಡು ಉಂಟು, ಒಂದು ಮರಿ. ಆ ಕಡೆ ಯಾರೂ ಬರ್ಬೇಡಿ." ಎಂಟು ಸೆಕೆಂಡ್. ಒಡೆದ ಗಾಜಿನ ಫೋನ್‌ನವರಿಗೂ ಕೇಳಿಸಿತು. ಯಾರೂ ಹೋಗಲಿಲ್ಲ.

ಅದೇ ದಿನ ಮಧ್ಯಾಹ್ನ ಕಚೇರಿಯಿಂದ ಮೇಲ್. ಸಭೆಯಲ್ಲಿ ಆದ ತೊಂದರೆಗೆ ವಿಷಾದಿಸುತ್ತೇವೆ, ಇನ್ನು ಮುಂದೆ ಹೀಗಾಗದಂತೆ ಹಳೆಯ ಸಾಫ್ಟ್‌ವೇರ್ ಹೊಂದಿರುವವರು ನಮ್ಮ ಪ್ರೆಸೆಂಟೇಶನ್‌ಗಳನ್ನು ತೆರೆಯುವುದು ಹೇಗೆ ಎಂಬುದನ್ನು ಚಿತ್ರಸಮೇತ ವಿವರಿಸಿ ಕಳಿಸಿದ್ದೇವೆ, ತಪ್ಪದೆ ನೋಡಿ. ಅಕ್ಕ ಬಲ್ಬ್ ಸ್ವಲ್ಪ ಪಕ್ಕಕ್ಕೆ ಸರಿಸಿ, ಫೈಲ್ ಮೇಲೆ ಎರಡು ಸಲ ಒತ್ತಿದರು.

ಇದನ್ನು ಯಾವುದರಲ್ಲಿ ತೆರೆಯಲಿ ಅಂತ ಕಂಪ್ಯೂಟರ್ ಕೇಳಿತು.